ಹತ್ತಕ್ಕೆ ಒಂದು

೨೦೨೫ರ ನವೆಂಬರ್ ೧೩, ಗುರುವಾರ. ಬೆಳಿಗ್ಗೆ ೧೧.೨೦ಕ್ಕೆ ಸೇವ್ಯರ್ ಎಂಬ ರಬ್ಬರ್ ತೋಟದ ಧಣಿ ಕಡಬ ಠಾಣೆಯ ಮೆಟ್ಟಿಲು ಹತ್ತಿದ. ವಯಸ್ಸು ಐವತ್ತನಾಲ್ಕು. ಕಳುವಾದದ್ದು ಚಿನ್ನವಲ್ಲ, ರಬ್ಬರ್ ಶೀಟೂ ಅಲ್ಲ. ಅವನು ನಿರ್ಮಿಸಿದ ಸಿನಿಮಾದ ರೇಟಿಂಗ್.

ಕಾಲೇಜು ಹುಡುಗರ ಹಾಸ್ಯ ಚಿತ್ರ. ನವೆಂಬರ್ ೭ರ ಶುಕ್ರವಾರ ಪುತ್ತೂರು, ಸುಳ್ಯದಲ್ಲಿ ತೆರೆ ಕಂಡಿತ್ತು. ಪ್ರೇಕ್ಷಕರು ಅಂಕ ಕೊಡುವ ಜಾಲತಾಣದಲ್ಲಿ ಮೊದಲ ದಿನ ಹತ್ತಕ್ಕೆ ೮.೪ ಇದ್ದದ್ದು ಬುಧವಾರ ೬.೬ಕ್ಕೆ ಇಳಿದಿತ್ತು. ಐವತ್ತೆಂಟು ಮಂದಿ ಹತ್ತಕ್ಕೆ ಒಂದು ಕೊಟ್ಟಿದ್ದರು. ಐವತ್ತೆಂಟರ ಕೆಳಗೂ ಒಂದೇ ಸಾಲು: 'ಇದು ನಗುವ ವಿಷಯ ಅಲ್ಲ.'

ಓಟಿಟಿ ಕಂಪನಿಯೊಂದು ಸಿನಿಮಾ ಕೊಳ್ಳಲು ಒಪ್ಪಿತ್ತು. ಆದರೆ ಹತ್ತನೇ ದಿನ, ಅಂದರೆ ಬರುವ ಭಾನುವಾರ ೧೬ನೇ ತಾರೀಕಿಗೆ, ರೇಟಿಂಗ್ ಏಳಕ್ಕಿಂತ ಕೆಳಗಿದ್ದರೆ ಒಪ್ಪಂದ ರದ್ದು.

"ಒಂದು ಗ್ಯಾಂಗ್ ಉಂಟು ಸಾರ್," ಎಂದ ಸೇವ್ಯರ್. "ಈಗ ಬರುವ ಯಾವ ಹೊಸ ಸಿನಿಮಾ ಬೇಕಾದರೂ ನೋಡಿ. ಮೊದಲು ಏಳು, ಎಂಟು ಇತ್ತು. ಈಗ ನಾಲ್ಕು ದಾಟುದಿಲ್ಲ. ಜನ ಹಾಕುದಲ್ಲ ಇದು, ಹಾಕಿಸುದು."

ಇನ್ಸ್‌ಪೆಕ್ಟರ್ ಸಾಹುಲ್ ಹಮೀದ್ ಕಡಿಮೆ ಮಾತಿನ ಮನುಷ್ಯ. ಬೇರೆಯವರ ಗುರುತು ಬಳಸಿ ವಂಚಿಸಿದ್ದಕ್ಕೆ ಹಾಕುವ, ಮಾಹಿತಿ ತಂತ್ರಜ್ಞಾನ ಕಾಯ್ದೆಯ ೬೬ಸಿ ಮತ್ತು ೬೬ಡಿ ಕಲಂಗಳಡಿ ೧೨.೧೦ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿ: ಅಪರಿಚಿತ. ಆ ಐವತ್ತೆಂಟು ಖಾತೆಗಳ ಫೋನ್ ನಂಬರು ಕೇಳಿ ಜಾಲತಾಣದ ಕಂಪನಿಗೆ ನೋಟಿಸ್ ಹೋಯಿತು. ದೂರುದಾರ ಹೊರಗೆ ಹೋದ ಮೇಲೆ ಠಾಣೆಯಲ್ಲಿ ನಗು ಎದ್ದಿತು. ಜಾನುವಾರು ಕಳುವಿನ ಕಡತ ಮೂರು ತಿಂಗಳಿಂದ ಧೂಳು ತಿನ್ನುತ್ತಿದೆ, ಸಿನಿಮಾದ ಅಂಕಕ್ಕೆ ಒಂದೇ ಗಂಟೆಯಲ್ಲಿ ಎಫ್‌ಐಆರ್. ಧಣಿಗಳ ದೂರಿಗೆ ಕಾಲು ಜಾಸ್ತಿ.

ಸೇವ್ಯರ್ ಒಬ್ಬನ ಹೆಸರನ್ನೂ ಕೊಟ್ಟಿದ್ದ. ಪುತ್ತೂರಿನ ಆಶಿಕ್, ಯೂಟ್ಯೂಬಿನಲ್ಲಿ ಸಿನಿಮಾಗಳ ಚರ್ಮ ಸುಲಿಯುವವ. ಮಧ್ಯಾಹ್ನ ೩.೩೦ಕ್ಕೆ ಅವನನ್ನು ಕರೆಸಿದರು.

"ಸೇವ್ಯರ್ ಸಿನಿಮಾಕ್ಕೆ ಎಷ್ಟು ಕೊಟ್ಟದ್ದು?"

"ಮೂರು."

"ಒಂದಲ್ಲವಾ?"

"ಕ್ಯಾಮೆರಾ ಕೆಲಸ ಒಳ್ಳೆದುಂಟು ಸಾರ್. ಅದಕ್ಕೆ ಎರಡು."

ಗ್ಯಾಂಗಿನ ಮಾತು ಕೇಳಿ ಆಶಿಕ್‌ಗೆ ರೇಗಿತು. ರೇಟಿಂಗ್ ಇಳಿಯುತ್ತಿರುವುದು ನಿಜ, ಆದರೆ ಇಳಿಸುತ್ತಿರುವವರು ಟಿಕೆಟ್ ತೆಗೆದು ಮೋಸಹೋದವರು ಎಂದು ಅವನ ವಾದ. "ಮೊದಲ ದಿನ ಸುಳ್ಳು ಹತ್ತು ಹಾಕಿಸ್ತಾರೆ. ಅದನ್ನು ನಂಬಿ ಹೋದವ ಸಿಟ್ಟಿನಲ್ಲಿ ಎರಡು ಕಮ್ಮಿಯೇ ಹಾಕುದು. ನೀವು ಕೆಳಗಿನದ್ದು ಮಾತ್ರ ನೋಡ್ಬೇಡಿ ಸಾರ್, ಹತ್ತು ಕೊಟ್ಟವರ ಟೈಮ್ ಕೂಡ ನೋಡಿ."

ಹಮೀದ್ ನೋಡಿದ. ನೂರಿಪ್ಪತ್ತು ಮಂದಿ ಹತ್ತಕ್ಕೆ ಹತ್ತು ಕೊಟ್ಟಿದ್ದರು, ಎಲ್ಲರೂ ಶುಕ್ರವಾರ ೯.೪೦ರಿಂದ ೧೦.೧೦ರ ಒಳಗೆ. ಮೊದಲ ಆಟ ಶುರುವಾದದ್ದು ೧೦.೩೦ಕ್ಕೆ. ಅದನ್ನು ಬೇರೆ ಹಾಳೆಯಲ್ಲಿ ಬರೆದು ಮಡಚಿಟ್ಟುಕೊಂಡ. ಆಶಿಕ್‌ನನ್ನು ಕಳುಹಿಸಿದ.

ಸಂಜೆ ಕಾನ್‌ಸ್ಟೆಬಲ್ ಹೇಮಶ್ರೀ ಐವತ್ತೆಂಟು ಒಂದುಗಳ ಪಟ್ಟಿಯನ್ನು ದಿನ, ಹೊತ್ತಿನ ಪ್ರಕಾರ ಬರೆದಳು. ಶನಿವಾರ ಇಪ್ಪತ್ತು, ಮಂಗಳವಾರ ಇಪ್ಪತ್ತು, ಬುಧವಾರ ಹದಿನೆಂಟು. ಎಲ್ಲವೂ ಬೆಳಿಗ್ಗೆ ಹತ್ತೂಕಾಲಿನಿಂದ ಹನ್ನೊಂದೂವರೆಯ ಒಳಗೆ. ಭಾನುವಾರ, ಸೋಮವಾರ ಒಂದೂ ಇಲ್ಲ.

"ಭಾನುವಾರ ರಜೆ. ಸೋಮವಾರ ಎಂತ?" ಎಂದ ಹಮೀದ್.

"ಸೋಮವಾರ ಬೆಳಗ್ಗೆ ಮಳೆ ಸಾರ್."

"ಮಳೆಗೂ ರೇಟಿಂಗಿಗೂ ಎಂತ ಸಂಬಂಧ?"

"ರೇಟಿಂಗಿಗೆ ಇಲ್ಲ. ರಬ್ಬರಿಗೆ ಉಂಟು."

ಹೇಮಶ್ರೀಯ ಊರು ಕಲ್ಲುಗುಂಡಿ, ತಾಯಿ ಇಪ್ಪತ್ತು ವರ್ಷ ರಬ್ಬರ್ ಟ್ಯಾಪಿಂಗ್ ಮಾಡಿದವಳು. ಅವಳು ವಿವರಿಸಿದಳು. ಮುಂಜಾನೆ ಮರ ಕೆತ್ತುತ್ತಾರೆ, ಹಾಲು ಮರಕ್ಕೆ ಕಟ್ಟಿದ ತೆಂಗಿನ ಗೆರಟೆಗೆ ತೊಟ್ಟಿಕ್ಕಲು ಬಿಟ್ಟು ತಿಂಡಿ ತಿನ್ನುತ್ತಾರೆ, ಹತ್ತರ ಮೇಲೆ ಬಕೆಟ್ ಹಿಡಿದು ಹಾಲು ಸಂಗ್ರಹಕ್ಕೆ ಹೋಗುತ್ತಾರೆ. ಹಾಲು ತಾಗಿದ ಫೋನ್ ಕೆಟ್ಟಿತೆಂದೇ ಲೆಕ್ಕ. ಹಾಗಾಗಿ ಆ ಒಂದು ಗಂಟೆ ಎಲ್ಲರ ಫೋನೂ ಶೀಟ್ ಒತ್ತುವ ಶೆಡ್ಡಿನಲ್ಲಿ ಚಾರ್ಜಿಗೆ ಬಿದ್ದಿರುತ್ತದೆ. ಮಳೆ ಬಂದರೆ ಕೆಲಸವಿಲ್ಲ, ಶೆಡ್ಡಿನಲ್ಲಿ ಫೋನೂ ಇಲ್ಲ.

ಶುಕ್ರವಾರ ೯.೧೫ಕ್ಕೆ ಕಂಪನಿಯ ಉತ್ತರ ಬಂತು. ಐವತ್ತೆಂಟು ನಂಬರು, ಇಪ್ಪತ್ತೊಂಬತ್ತು ಜನ, ತಲಾ ಎರಡು ಸಿಮ್. ಹೇಮಶ್ರೀ ಮೊದಲ ನಂಬರಿಗೆ ಕರೆ ಮಾಡಿದಾಗ ಎತ್ತಿಕೊಂಡದ್ದು ಮೊಯ್ದೀನ್ ಎಂಬ ಟ್ಯಾಪರ್. ರೇಟಿಂಗ್ ಎಂದರೆ ಏನೆಂದೇ ಅವನಿಗೆ ಗೊತ್ತಿರಲಿಲ್ಲ. ಅವನದು ಬಟನ್ ಫೋನ್. ಕೆಲಸ ಎಲ್ಲಿ ಎಂದು ಕೇಳಿದ್ದಕ್ಕೆ ಸೇವ್ಯರ್ ಧಣಿಗಳ ತೋಟದಲ್ಲಿ ಎಂದ. ಎರಡನೆಯವನೂ ಅಲ್ಲೇ. ಹತ್ತನೆಯವಳೂ ಅಲ್ಲೇ. ದೂರುದಾರ ಊರೆಲ್ಲ ಹುಡುಕಿಸಿದ ಗ್ಯಾಂಗ್ ಅವನ ತೋಟದಲ್ಲೇ ದಿನಾ ಬಕೆಟ್ ಹೊರುತ್ತಿತ್ತು.

೧೦.೪೦ಕ್ಕೆ ಜೀಪು ಶೆಡ್ಡಿನ ಎದುರು ನಿಂತಿತು. ಹಲಗೆಯ ಮೇಲೆ ಸಾಲಾಗಿ ಫೋನುಗಳು. ಪಕ್ಕದ ಮೇಜಿನಲ್ಲಿ ಹಾಜರಿ ಬರೆಯುವ ಸಿಲ್ವಿ ಕೂತಿದ್ದಳು. ನಲವತ್ತರ ಹೆಂಗಸು, ಗಂಡ ಇಲ್ಲ, ಒಬ್ಬಳು ಮಗಳು. ಹಾಲು ತಂದವರು ಒಬ್ಬೊಬ್ಬರಾಗಿ ಬಕೆಟ್ ಇಳಿಸಿದರು. ಹಿಂದೆಯೇ ಕಾರಿನಲ್ಲಿ ಬಂದಿಳಿದ ಸೇವ್ಯರ್, ಹಮೀದ್ ಬಾಯಿ ತೆರೆಯುವ ಮೊದಲೇ ತೀರ್ಪು ಕೊಟ್ಟ.

"ನನ್ನ ಅನ್ನ ತಿಂದು ನನಗೇ ವಿಷ ಹಾಕಿದ್ದೀರಿ. ನಾಳೆಯಿಂದ ಒಬ್ಬನೂ ತೋಟಕ್ಕೆ ಕಾಲಿಡಬೇಡಿ. ಇಪ್ಪತ್ತೊಂಬತ್ತು ಜನವೂ."

ಕೆಲಸದವರು ಒಬ್ಬರ ಮೇಲೊಬ್ಬರು ಎಗರಿದರು. ನಿನ್ನ ಮಗ ಮಾಡಿರಬೇಕು, ನಿನ್ನ ತಮ್ಮ ಮಾಡಿರಬೇಕು ಎಂದು ಬೆರಳು ತೋರಿಸುತ್ತ ಎರಡು ನಿಮಿಷದಲ್ಲಿ ಕೈ ಕೈ ಮಿಲಾಯಿಸುವ ಹಂತ ಬಂತು. ಆಗ ಸಿಲ್ವಿ ಹಾಜರಿ ಪುಸ್ತಕ ಮುಚ್ಚಿ ಎದ್ದು ನಿಂತಳು.

"ಅವರಿಗೆ ಎಂತದೂ ಗೊತ್ತಿಲ್ಲ. ನಾನು ಮಾಡಿದ್ದು."

ಯಾರೂ ಅವಳಿಗೆ ಕೃತಜ್ಞರಾಗಲಿಲ್ಲ. ಮೊಯ್ದೀನ್ ತನ್ನ ಫೋನ್ ಎತ್ತಿ ಲುಂಗಿಗೆ ಒರೆಸಿಕೊಂಡು ಆಚೆ ಹೋದ. ಎಲ್ಲರಿಗಿಂತ ಹಿರಿಯಳಾದ ಕೊಚ್ಚುತ್ರೇಸ್ಯ ಹತ್ತಿರ ಬಂದು, "ನಮ್ಮ ಹೊಟ್ಟೆಗೆ ಹೊಡೆಯಲಿಕ್ಕೆ ಹೊರಟೆಯಲ್ಲಾ ನೀನು," ಎಂದು ನೆಲಕ್ಕೆ ಉಗಿದಳು.

೧೧.೩೦ಕ್ಕೆ ಪಂಚನಾಮೆ. ಸಿಲ್ವಿಯ ಫೋನ್, ಹಾಜರಿ ಪುಸ್ತಕ ಜಪ್ತಿ. ಮಾಡಿದ ರೀತಿ ಸರಳ. ಪುಸ್ತಕದಲ್ಲಿ ಎಲ್ಲರ ಎರಡೆರಡು ನಂಬರಿತ್ತು. ತನ್ನ ಫೋನಿನಲ್ಲಿ ಆ ನಂಬರು ಹಾಕುತ್ತಿದ್ದಳು, ಹಲಗೆಯ ಮೇಲಿನ ಫೋನಿಗೆ ಬಂದ ಒಟಿಪಿ ಓದುತ್ತಿದ್ದಳು, ಅಂಕ ಕೊಟ್ಟು ಒಟಿಪಿಯನ್ನು ಅಳಿಸುತ್ತಿದ್ದಳು.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡದ್ದು ಹೇಮಶ್ರೀ. ಪ್ರಶ್ನೆ ಕೇಳಿದ್ದು ಹಮೀದ್.

"ಯಾಕೆ?"

ಸಿಲ್ವಿ ಹೇಳಿದ್ದು ಇಷ್ಟು. ಮಗಳು ಅನಿಟಾಳಿಗೆ ಹದಿನೆಂಟು ವರ್ಷ, ಚಿಕ್ಕಂದಿನಿಂದ ಮೂರ್ಛೆ ರೋಗ. ಕಳೆದ ವರ್ಷ ಕಾಲೇಜಿನ ಬೀಳ್ಕೊಡುಗೆ ದಿನ ವೇದಿಕೆಯಲ್ಲಿ ಮಾತಾಡುತ್ತ ಕುಸಿದು ಬಿದ್ದಳು. ಕೈಕಾಲು ಸೆಟೆಯಿತು, ಬಟ್ಟೆ ಒದ್ದೆಯಾಯಿತು. ಅಂದು ಮುಖ್ಯ ಅತಿಥಿಯಾಗಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದವನು ಸೇವ್ಯರ್. ಅವನೇ ಕಾರಿನಲ್ಲಿ ಆಸ್ಪತ್ರೆಗೆ ಸಾಗಿಸಿದ್ದ, ಆ ಋಣವನ್ನು ಸಿಲ್ವಿ ಮರೆತಿರಲಿಲ್ಲ. ಸಿನಿಮಾ ಬಂದಾಗ ಧಣಿ ಕೆಲಸದವರಿಗೆಲ್ಲ ಪಾಸ್ ಕೊಟ್ಟು, ಜೀಪು ಮಾಡಿ, ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಪುತ್ತೂರಿಗೆ ಕಳುಹಿಸಿದ. ತಾಯಿ ಮಗಳೂ ಹೋದರು. ಮಧ್ಯಂತರಕ್ಕೆ ಸ್ವಲ್ಪ ಮೊದಲು ಪರದೆಯ ಮೇಲೆ ಅದೇ ವೇದಿಕೆ, ಅದೇ ನೀಲಿ ಚೂಡಿದಾರ, ಅದೇ ಬೀಳುವಿಕೆ. ಒದ್ದೆಯಾದ ಬಟ್ಟೆಗೆ ತಮಾಷೆಯ ಸಂಗೀತ. ಚಿತ್ರಮಂದಿರ ಹೊಟ್ಟೆ ಹಿಡಿದು ನಕ್ಕಿತು. ಜೊತೆಗೆ ಬಂದವರು ನಗುತ್ತಲೇ ತಿರುಗಿ ಅನಿಟಾಳನ್ನು ನೋಡಿದರು.

ಅಂದಿನಿಂದ ಹುಡುಗಿ ಕೋಣೆಯಿಂದ ಹೊರಗೆ ಬಂದಿಲ್ಲ. ಥಿಯೇಟರಿನಲ್ಲಾದರೆ ಎರಡು ವಾರ, ಓಟಿಟಿಗೆ ಬಂದರೆ ಊರಿನ ಪ್ರತಿ ಫೋನಿನಲ್ಲೂ, ಬೇಕೆಂದಾಗಲೆಲ್ಲ. ಏಳಕ್ಕಿಂತ ಇಳಿದರೆ ಓಟಿಟಿಯವರು ಬಿಡುತ್ತಾರೆ ಎಂದು ಧಣಿ ಶೆಡ್ಡಿನಲ್ಲೇ ಯಾರಿಗೋ ಫೋನಿನಲ್ಲಿ ಹೇಳಿದ್ದನ್ನು ಅವಳು ಕೇಳಿಸಿಕೊಂಡಿದ್ದಳು. ಹಾಜರಿ ಬರೆಯುವವಳ ಕಿವಿ ಧಣಿಗಳಿಗೆ ಕಿವಿಯಾಗಿ ಕಾಣುವುದಿಲ್ಲ.

"ಒಂದೇ ಯಾಕೆ ಕೊಟ್ಟದ್ದು?"

"ಅದರಲ್ಲಿ ಸೊನ್ನೆ ಇಲ್ಲ ಸಾರ್."

ಸೂರ್ಯ ಮುಳುಗಿದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲದ್ದರಿಂದ ಮರುದಿನ ಹಾಜರಾಗಲು ಹೇಳಿ ಅವಳನ್ನು ಮನೆಗೆ ಕಳುಹಿಸಿದರು. ಸೇವ್ಯರ್‌ನನ್ನು ಕೂರಿಸಿಕೊಂಡು ಹಮೀದ್ ಮಡಚಿಟ್ಟ ಹಾಳೆ ಬಿಡಿಸಿದ.

"ಆಟ ಹತ್ತೂವರೆಗೆ. ಇವರು ಒಂಬತ್ತು ನಲವತ್ತಕ್ಕೇ ಹತ್ತು ಕೊಟ್ಟದ್ದು ಹೇಗೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಇವರು ಯಾರೆಂದು ಸೇವ್ಯರ್ ಕೇಳಲಿಲ್ಲ. "ಅದು ಪ್ರಚಾರ ಸಾರ್. ಎಲ್ಲರೂ ಮಾಡುದೇ," ಎಂದ. ನೂರಿಪ್ಪತ್ತು ಹತ್ತುಗಳನ್ನು ಹಾಕಿಸಿದ್ದು ಅವನ ಅಕ್ಕನ ಮಗ ಜೋಬಿ. ಹಮೀದ್ ಎರಡೂ ಪಟ್ಟಿಗಳನ್ನು ಕಂಪನಿಗೆ ಕಳುಹಿಸಿದ. ಸೇವ್ಯರ್‌ಗೆ ಒಂದು ನೋಟಿಸ್ ಕೊಟ್ಟ. ಧಣಿಗೆ ಕಾಗದ, ಹಾಜರಿಯವಳಿಗೆ ಬಂಧನ. ಕಾನೂನಿನ ಕಣ್ಣು ಕಟ್ಟಿದೆ ಎನ್ನುವವರು ಆ ಕಣ್ಣುಪಟ್ಟಿಯ ಸಂದಿಯನ್ನು ನೋಡಿಲ್ಲ.

ನವೆಂಬರ್ ೧೫, ಶನಿವಾರ ಮಧ್ಯಾಹ್ನ ೩ ಗಂಟೆಗೆ ಕಂಪನಿ ಐವತ್ತೆಂಟು ಒಂದುಗಳನ್ನೂ ನೂರಿಪ್ಪತ್ತು ಹತ್ತುಗಳನ್ನೂ ತೆಗೆದುಹಾಕಿತು. ಉಳಿದದ್ದು ಅರವತ್ತೆರಡು ಮಂದಿಯ ಅಂಕ. ಅವರೆಲ್ಲ ನೋಡಿದವರು.

೪.೩೦ಕ್ಕೆ ಸಿಲ್ವಿಯ ಬಂಧನ ದಾಖಲಾಯಿತು. ಜಾಮೀನು ಸಿಗುವ ಕಲಂ, ಆದರೆ ಜಾಮೀನು ನಿಲ್ಲಲು ತೋಟದಿಂದ ಯಾರೂ ಬಂದಿರಲಿಲ್ಲ. ಈಗ ಎಷ್ಟಾಗಿದೆ ಎಂದು ಅವಳು ಕೇಳಿದಳು. ಹೇಮಶ್ರೀ ತನ್ನ ಫೋನ್ ತಿರುಗಿಸಿ ತೋರಿಸಿದಳು. ೫.೩.

ಸಿಲ್ವಿ ಆ ಅಂಕವನ್ನು ಎರಡು ಸಲ ಓದಿದಳು. ನಾಳೆಗೆ ಏಳಾಗಲಾರದು, ಸಿನಿಮಾ ಓಟಿಟಿಗೆ ಹೋಗಲಾರದು ಎಂಬುದು ಅವಳಿಗೆ ಅರ್ಥವಾಯಿತು. ಅವಳ ಕಣ್ಣು ತುಂಬಿತು.

ಕಡತ ಕಟ್ಟುವ ಮೊದಲು ಹೇಮಶ್ರೀಗೆ ಒಂದು ಸಂಗತಿ ಕಂಡಿತು. ಐವತ್ತೆಂಟರ ಪಟ್ಟಿಯಲ್ಲಿ ಸಿಲ್ವಿಯ ಸ್ವಂತ ನಂಬರು ಇರಲಿಲ್ಲ. ಸಿಕ್ಕಿಬೀಳುವ ಹೆದರಿಕೆಯೇ ಎಂದು ಕೇಳಿದಳು.

"ಹಾಗಲ್ಲ. ಅವರೆಲ್ಲ ಕೊನೆಯವರೆಗೆ ಕೂತು ನೋಡಿದವರು. ನಾನು ಮಗಳನ್ನು ಕರಕೊಂಡು ಅರ್ಧಕ್ಕೆ ಎದ್ದು ಬಂದದ್ದು," ಎಂದಳು ಸಿಲ್ವಿ. "ಪೂರ್ತಿ ನೋಡದ ಸಿನಿಮಾಕ್ಕೆ ನಾನು ಹೇಗೆ ಕೊಡುದು?"

ಹೇಮಶ್ರೀ ಅದನ್ನೂ ಹೇಳಿಕೆಯಲ್ಲಿ ಸೇರಿಸಿ, ಓದಿ ಹೇಳಿ, ಸಹಿ ಹಾಕಿಸಿಕೊಂಡಳು.