ಮೂರು ನಿಮಿಷ ಆಯಿತು, ಮುಂದುವರಿಸಲಾ?

"ಪರವಾಗಿಲ್ಲ ಮೇಡಂ, ನೀವು ನಿಧಾನಕ್ಕೆ ನೋಡಿ ಹೇಳಿ. ನಾನು ಲೈನಲ್ಲೇ ಇರ್ತೀನಿ."

ವೀಸಾ ಕಚೇರಿಯ ಪ್ಲೈವುಡ್ ಅಡ್ಡಗೋಡೆಯ ಆಚೆಯಿಂದ ಆ ದನಿ ಕೇಳಿದ್ದೇ ತಡ, ಅವಳ ಎದೆ ಧಸಕ್ಕೆಂದಿತು.

ಕೈಯಲ್ಲಿದ್ದ ಪಾಸ್‌ಬುಕ್ಕು, ಪಿಂಚಣಿ ಪತ್ರ, ಫೋಟೋಗಳು ಎಲ್ಲ ಜಾರಿ ನೆಲಕ್ಕೆ ಬಿದ್ದವು. ಬಗ್ಗಿ ಎತ್ತಿಕೊಳ್ಳಬೇಕೆಂಬ ಎಚ್ಚರವೂ ಇಲ್ಲ!

ಈ ದನಿ... ಇದೇ ದನಿ... ಮೂವತ್ತೈದು ವರ್ಷದ ಮೇಲೆ!

"ಮೇಡಂ, ಕಾಗದ ಎಲ್ಲಾ ಕೆಳಗೆ ಬಿತ್ತು ನೋಡಿ. ಬನ್ನಿ, ಕೂತ್ಕೊಳ್ಳಿ," ಎಂದಳು ವೀಸಾ ಏಜೆಂಟ್. ಐವತ್ತರ ಆಸುಪಾಸಿನ ಹೆಂಗಸು, ಎರಡು ಫೋನು, ಒಂದು ನಾಲಿಗೆ. ಆ ನಾಲಿಗೆಗೆ ಮಾತ್ರ ರಜೆ ಎಂಬುದಿಲ್ಲ.

ಅವಳು ಕೂತಳು. ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಟ್ರಂಕತ್ತೆ ಎಂದು. ಈಗಿನವರಿಗೆ ಟ್ರಂಕು ಎಂದರೆ ಬಟ್ಟೆ ತುಂಬುವ ಪೆಟ್ಟಿಗೆ. ಆದರೆ ಒಂದು ಕಾಲವಿತ್ತು... ಬೇರೆ ಊರಿಗೆ ಫೋನು ಮಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ, ಗಂಟೆಗಟ್ಟಲೆ ಕಾಯಬೇಕಿತ್ತು. ಈ ಊರಿನ ಎಕ್ಸ್‌ಚೇಂಜಿನಲ್ಲಿ ಒಬ್ಬ ಆಪರೇಟರ್, ಆ ಊರಿನಲ್ಲಿ ಇನ್ನೊಬ್ಬ. ಅವರಿಬ್ಬರೂ ಮಾತಾಡಿಕೊಂಡು ತಂತಿ ಜೋಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಟ್ರಂಕತ್ತೆ ಹಾಗೆ ಜೋಡಿಸುತ್ತಲೇ ಯೌವನ ಕಳೆದವಳು. ಬೇರೆಯವರನ್ನು ಜೋಡಿಸಿದಳು, ತಾನು ಮಾತ್ರ ಒಂಟಿಯಾಗಿ ಉಳಿದಳು.

"ನಿವೃತ್ತಿ ವೀಸಾ ಅಲ್ವಾ?" ಏಜೆಂಟ್ ಪಾಸ್‌ಬುಕ್ ತಿರುವಿದಳು. "ನೋಡಿ ಮೇಡಂ, ಆ ದೇಶದವರಿಗೆ ನಿಮ್ಮ ವಯಸ್ಸಿನ ಚಿಂತೆ ಇಲ್ಲ. ಬೇಕಾಗಿರೋದು ಠೇವಣಿ. ನಿಮ್ಮೊಬ್ಬರ ಹೆಸರಲ್ಲೇ ಇರಬೇಕು. ಸಾಲದ ದುಡ್ಡಾಗಿರಬಾರದು. ಪೂರ್ತಿ ಆದ ಮೇಲೆ ಮೂರು ತಿಂಗಳು ಅಲ್ಲಾಡದೆ ಕೂತಿರಬೇಕು. ಮಧ್ಯದಲ್ಲಿ ಕೈ ಹಾಕಿದ್ರೆ ಮತ್ತೆ ಮೊದಲಿಂದ ಲೆಕ್ಕ."

"ಪೂರ್ತಿ ಇದೆಯಲ್ವಾ?"

"ಎಲ್ಲಿದೆ? ಈ ವರ್ಷ ಮೊತ್ತ ಏರಿಸಿದ್ದಾರೆ. ಹತ್ತರಲ್ಲಿ ಒಂದು ಪಾಲು ಕಡಿಮೆ ಬೀಳುತ್ತೆ ನಿಮಗೆ."

"ಏನ್ರೀ ಇದು! ಹೋದ ವರ್ಷ ಇಷ್ಟೇ ಸಾಕು ಅಂದಿದ್ರಲ್ಲ ನೀವೇ?"

ಅವಳು ದನಿ ಎತ್ತಿದ್ದೇ ತಡ, ಅಡ್ಡಗೋಡೆಯ ಆಚೆ ಮಾತು ನಿಂತಿತು. ಪೂರ್ತಿ ನಿಂತಿತು. ಯಾರದೋ ಫೋನಿನೊಳಗಿಂದ "ಸಾರ್? ಹಲೋ? ಸಾರ್, ಇದ್ದೀರಾ?" ಎಂದು ಸಣ್ಣದಾಗಿ ಕೇಳಿಸಿತು. ಕುರ್ಚಿ ಸರಿದ ಸದ್ದು. ಹೆಜ್ಜೆಗಳು...

ಬಾಗಿಲಲ್ಲಿ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ತಲೆ ಮುಕ್ಕಾಲು ಬೋಳು, ಮಿಕ್ಕ ಕಾಲು ಬೆಳ್ಳಿ. ಕೈಯಲ್ಲಿ ಫೋನು ಹಾಗೇ ತೆರೆದಿತ್ತು.

"ಹದಿನಾರು?" ಎಂದ ಅವನು. "ನೀವು... ಹದಿನಾರು ಅಲ್ವಾ?"

ಏಜೆಂಟ್‌ಗೆ ನಗು ತಡೆಯಲಾಗಲಿಲ್ಲ. "ಸಾರ್, ಮೇಡಂಗೆ ಅರವತ್ತೊಂದು!"

ಟ್ರಂಕತ್ತೆ ನಗಲಿಲ್ಲ. ಕಾಗದಗಳನ್ನೆಲ್ಲ ಬಾಚಿ ಚೀಲಕ್ಕೆ ತುರುಕಿದಳು. ಅವನ ಮುಖ ನೋಡದೆ, ಅಂದಿನ ಕೆಲಸದ ದನಿಯಲ್ಲಿ, ಒಂದೇ ಮಾತು ಹೇಳಿದಳು.

"ತಪ್ಪು ನಂಬರ್."

ದಡದಡನೆ ಮೆಟ್ಟಿಲು ಇಳಿದಳು. 'ಅಯ್ಯೋ ದೇವರೇ... ಇಷ್ಟು ವರ್ಷ ಆದರೂ ಯಾಕೆ ಹೀಗೆ ಹೊಡ್ಕೋತಿದೆ ಈ ಹಾಳು ಎದೆ?'

*

ಎಕ್ಸ್‌ಚೇಂಜಿನಲ್ಲಿ ಹೆಸರು ಹೇಳುವ ಪದ್ಧತಿ ಇರಲಿಲ್ಲ. ಅವಳು ಹದಿನಾರನೇ ನಂಬರು. ತಂತಿಯ ಆಚೆ ತುದಿಯಲ್ಲಿ ಇಪ್ಪತ್ತೆರಡು.

"ಹದಿನಾರು ಮಾತಾಡ್ತಿರೋದು. ಬಂದರಿನ ಲೈನ್ ಕೊಡಿ."

"ಇಪ್ಪತ್ತೆರಡು ಇಲ್ಲಿ. ಬಂದರಿನ ಲೈನ್ ನಿದ್ದೆ ಮಾಡ್ತಿದೆ. ಅಷ್ಟರಲ್ಲಿ ನೀವು ಊಟ ಆಯ್ತಾ ಹೇಳಿ."

ಹೀಗೆ ಶುರುವಾಗಿತ್ತು. ಬಂದರು ಎಂದರೆ ಕಡಲಾಚೆಯ ಒಂದು ಪುಟ್ಟ ಊರು. ಅಲ್ಲಿಗೆ ಹೋಗುವ ಕರೆಗಳೆಲ್ಲ ಇವರಿಬ್ಬರ ಕೈ ದಾಟಿಯೇ ಹೋಗಬೇಕು. ಅಲ್ಲಿನ ಆಪರೇಟರು ಕಿಟಕಿ ತೆರೆದಿಟ್ಟರೆ ಅಲೆಗಳ ಸದ್ದು ತಂತಿಯಲ್ಲಿ ಬರುತ್ತಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

"ನಿವೃತ್ತಿ ಆದ ಮೇಲೆ ಅಲ್ಲಿಗೆ ಹೋಗಿ ಇದ್ದುಬಿಡೋಣ," ಎಂದಿದ್ದ ಇಪ್ಪತ್ತೆರಡು ಒಂದು ಮಧ್ಯಾಹ್ನ.

"ಇಬ್ಬರೂನಾ?" ಎಂದಿದ್ದಳು ಅವಳು.

ತಂತಿಯಲ್ಲಿ ಅಲೆಗಳ ಸದ್ದು ಮಾತ್ರ. ಆಮೇಲೆ ಅವನು ಮೆಲ್ಲಗೆ, "ಮೂರು ನಿಮಿಷ ಆಯಿತು, ಮುಂದುವರಿಸಲಾ?" ಎಂದ. ಗಿರಾಕಿಗಳನ್ನು ಮೂರು ನಿಮಿಷಕ್ಕೊಮ್ಮೆ ಕೇಳಬೇಕಾದ ಪ್ರಶ್ನೆ ಅದು. ಅವನು ಅದನ್ನು ಅವಳನ್ನೇ ಕೇಳುತ್ತಿದ್ದ. ಅವಳು ಪ್ರತಿ ಸಲವೂ "ಮುಂದುವರಿಸಿ" ಎನ್ನುತ್ತಿದ್ದಳು.

ಕೊನೆಗೊಂದು ದಿನ ಅವನು ಅವಳ ಊರಿಗೇ ಬರುವುದೆಂದಾಯಿತು. ಭಾನುವಾರ, ಪಾರ್ಕಿನ ಕಾರಂಜಿ ಹತ್ತಿರ.

"ಗುರುತು ಹೇಗೆ ಹಿಡಿಯೋದು? ಒಂದು ಫೋಟೋ ಕಳಿಸಲಾ?" ಎಂದು ಕೇಳಿದ್ದಳು.

"ಫೋಟೋ ಯಾಕೆ? ನೀವು ಒಂದು ಮಾತಾಡಿ ಸಾಕು. ಸಾವಿರ ಜನರ ಮಧ್ಯೆ ಇದ್ರೂ ಹಿಡೀತೀನಿ!"

ಎಂಥ ಹುಚ್ಚರು ನೋಡಿ! ಬೇರೆ ಯಾರಾದರೂ ಇಂಥ ಕರಾರು ಮಾಡಿಕೊಳ್ಳುತ್ತಿದ್ದರೇ? ದಿನವಿಡೀ ದನಿಯಲ್ಲೇ ಬದುಕುವವರಿಗೆ ಮಾತ್ರ ಇಂಥ ಭಂಡ ಧೈರ್ಯ.

ಆ ವಾರವೇ ಎಲ್ಲೋ ಸೇತುವೆ ಕುಸಿದು ರೈಲು ನಿಂತಿತು. ಊರಿಗೆ ಊರೇ ಫೋನಿಗೆ ಮುಗಿಬಿತ್ತು. ಅವಳು ಎರಡೆರಡು ಪಾಳಿ ಕೂಗಿದಳು. ಭಾನುವಾರ ಬೆಳಗ್ಗೆ ಎದ್ದರೆ... ಗಂಟಲು ಪೂರ್ತಿ ಕಟ್ಟಿಹೋಗಿದೆ. ದನಿಯೇ ಇಲ್ಲ!

ಆದರೂ ಹೋದಳು. ಕತ್ತಿಗೆ ಹಸಿರು ಮಫ್ಲರ್ ಸುತ್ತಿಕೊಂಡು ಹೋದಳು. ಕಾರಂಜಿಯ ಸುತ್ತ ಹತ್ತಾರು ಜನ. ಬಲೂನಿನವನಿಗೆ ಒಬ್ಬ ಎತ್ತರದ ಹುಡುಗ "ಬೇಡಪ್ಪ" ಎಂದ. ಒಂದೇ ಪದ. ಅವನೇ! ಅವಳು ಓಡಿದಳು. ಅವನ ಎದುರೇ ನಿಂತು ಬಾಯಿ ತೆರೆದಳು. ಬರೀ ಗಾಳಿ ಬಂತು.

ಅವನು ಅವಳನ್ನು ನೋಡಿದ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆಮೇಲೆ ಅವಳ ತಲೆಯ ಮೇಲಿಂದ ಗೇಟಿನ ಕಡೆ ನೋಡಿದ.

'ನೋಡಿದ... ನೋಡಿಯೂ ಬೇಡ ಅಂದುಕೊಂಡ.'

ಕನ್ನಡಿ ಅವಳನ್ನು ಎಂದೂ ಹೊಗಳಿದ್ದಿಲ್ಲ. ಆ ದಿನ ಅದು ಹೇಳಿದ್ದೇ ನಿಜ ಎಂದುಕೊಂಡು ಮನೆಗೆ ಬಂದು ಅತ್ತಳು. ದನಿಯಿಲ್ಲದ ಅಳು. ಪಕ್ಕದ ಕೋಣೆಯಲ್ಲಿದ್ದ ಅಮ್ಮನಿಗೂ ಕೇಳಿಸಲಿಲ್ಲ.

ದನಿ ಮರಳಿದ ದಿನವೇ ಸೂಪರ್‌ವೈಸರನ್ನು ಕಾಡಿ ಬೇಡಿ ಬೇರೆ ಬೋರ್ಡಿಗೆ ಹೋದಳು. ಸ್ವಲ್ಪ ದಿನಕ್ಕೆ ಜನ ತಾವೇ ನೇರ ಡಯಲ್ ಮಾಡುವ ಕಾಲ ಬಂತು. ತಂತಿ ಜೋಡಿಸುವ ಬೋರ್ಡುಗಳೆಲ್ಲ ಗುಜರಿಗೆ ಹೋದವು.

ಆದರೆ ಬಂದರಿನ ಅಲೆಗಳ ಸದ್ದು ಮಾತ್ರ ಕಿವಿಯಿಂದ ಹೋಗಲೇ ಇಲ್ಲ. ಈ ವೀಸಾ ಆ ಸದ್ದಿಗಾಗಿಯೇ.

*

ಮುಂದಿನ ವಾರ ಸಹಿ ಹಾಕಲು ಹೋದಾಗ ಅವನು ಅಲ್ಲೇ ಕಾಯುತ್ತಿದ್ದ.

ಏಜೆಂಟ್ ತನ್ನ ಪಾಡಿಗೆ ಹೇಳುತ್ತಿದ್ದಳು. "ಸಾರ್‌ದು ಅದೇ ದೇಶದ ವೀಸಾ ಬಂದೇಬಿಡ್ತು. ಮೂರು ತಿಂಗಳೊಳಗೆ ಹೊರಡಬೇಕು, ಇಲ್ಲಾಂದ್ರೆ ರದ್ದು. ನಿಮ್ಮದೊಂದು ಉಳೀತು ಮೇಡಂ. ಒಂಟಿ ಆದ್ರೆ ಇದೇ ಗೋಳು. ಗಂಡ ಹೆಂಡತಿ ಆಗಿದ್ರೆ ಒಬ್ಬರ ಠೇವಣಿಯಲ್ಲೇ ಇಬ್ಬರೂ ಹೋಗಬಹುದು."

ಅವನು ಗಂಟಲು ಸರಿಮಾಡಿಕೊಂಡ. "ಹಾಗಾದ್ರೆ... ನಾವಿಬ್ಬರೂ ಮದುವೆ ಆಗಿಬಿಟ್ಟರೆ? ನಾನೂ ಒಂಟಿಯೇ. ನಿಮ್ಮ ಠೇವಣಿ ಚಿಂತೆಯೂ ತಪ್ಪುತ್ತೆ..."

ಪಾಪ, ಒಳ್ಳೆಯ ಮಾತು. ಆದರೆ ಹೇಳುವ ಹೊತ್ತೇ, ಹೇಳುವ ರೀತಿಯೇ ಅದು?

ಟ್ರಂಕತ್ತೆ ಕೆಂಡವಾದಳು.

"ಏನಂದ್ರಿ? ಅವತ್ತು ಕಾರಂಜಿ ಹತ್ರ ಮುಖ ನೋಡಿ ಪಕ್ಕಕ್ಕೆ ಸರಿದವರು, ಇವತ್ತು ಠೇವಣಿ ನೋಡಿ ಕನಿಕರ ತೋರಿಸ್ತಿದ್ದೀರಾ?"

"ಪಕ್ಕಕ್ಕೆ ಸರಿದೆನಾ?" ಅವನು ಕಕ್ಕಾಬಿಕ್ಕಿಯಾದ. "ನೀವು ಬರಲೇ ಇಲ್ಲವಲ್ರೀ! ಕತ್ತಲಾಗೋವರೆಗೆ ಕಾದೆ ನಾನು. ಒಂದು ದನಿಗಾಗಿ..."

"ದನಿ ಇರಲಿಲ್ಲ ನನಗೆ!" ಅವಳ ಕಣ್ಣು ತುಂಬಿತು. "ಗಂಟಲು ಕಟ್ಟಿತ್ತು. ನಿಮ್ಮ ಎದುರೇ ನಿಂತು ಬಾಯಿ ಬಿಟ್ಟೆ. ನೀವು ದಾರಿ ಬಿಟ್ಟಿರಿ!"

ಅವನ ಮುಖ ಬಿಳಿಚಿಕೊಂಡಿತು. ಕುರ್ಚಿ ಹಿಡಿದು ಕೂತ.

"ಹಸಿರು ಮಫ್ಲರ್..." ಎಂದ. "ಓಡಿ ಬಂದ್ರಿ. ದಾರಿ ಕೇಳ್ತಿದ್ದೀರಿ ಅಂದುಕೊಂಡು ಸರಿದೆ. ನನ್ನ ಕಿವಿ ನಿಮ್ಮ ದನಿಗೆ ಕಾಯ್ತಾ ಇತ್ತು. ಕಣ್ಣಿಗೆ ಬುದ್ಧಿ ಇರಲಿಲ್ಲ ನನಗೆ... ಆಮೇಲೆ ಫೋನ್ ಮಾಡಿದ್ರೆ, ಹದಿನಾರು ಈ ಬೋರ್ಡಲ್ಲಿ ಕೂರಲ್ಲವಂತೆ ಅಂದ್ರು."

ಏಜೆಂಟ್ ತನ್ನ ಎರಡೂ ಫೋನುಗಳನ್ನು ಮಗುಚಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಅಮ್ಮ ಹೇಳುತ್ತಿದ್ದಳು. ಆಡದೇ ಉಳಿದ ಮಾತಿನಿಂದ ಎಷ್ಟೆಲ್ಲ ಹೋಯಿತು ಎಂದು ಅಮ್ಮ ಹೇಳಿರಲಿಲ್ಲ.

"ಈಗಲಾದ್ರೂ..." ಎಂದ ಅವನು.

"ಬೇಡ," ಎಂದಳು ಟ್ರಂಕತ್ತೆ. ಕೋಪವಿರಲಿಲ್ಲ. "ಈಗ ಹೂಂ ಅಂದ್ರೆ, ಅದು ನಿಮಗೋ ನಿಮ್ಮ ಠೇವಣಿಗೋ ಅಂತ ನನಗೇ ಗೊತ್ತಾಗಲ್ಲ. ನನ್ನ ದುಡ್ಡು ಪೂರ್ತಿ ಆಗಲಿ. ಅಲ್ಲಿವರೆಗೆ ಆ ಮಾತು ಎತ್ತಬೇಡಿ. ನೀವು ಹೊರಡಿ. ವೀಸಾ ಕಾಯಲ್ಲ."

ಅವನು ತಲೆಯಾಡಿಸಿದ. ತನ್ನ ನಂಬರು ಬರೆದ ಚೀಟಿಯೊಂದನ್ನು ಅವಳ ಮುಂದಿಟ್ಟು ಮೆಟ್ಟಿಲಿಳಿದು ಹೋದ.

*

"ಅಕ್ಕಾ, ಅರವತ್ತಕ್ಕೆ ಅರಳು ಮರಳು ಅಂತಾರೆ ಜನ. ಈ ವಯಸ್ಸಲ್ಲಿ ಮತ್ತೆ ಕೆಲಸಾನಾ?" ಎಂದಳು ತಮ್ಮನ ಹೆಂಡತಿ.

ಕೆಲಸ ಎಂಥದ್ದು ಗೊತ್ತೇ? ಒಂದು ದೊಡ್ಡ ಆಸ್ಪತ್ರೆಯ ಫೋನಿಗೆ ದನಿ ಕೊಡುವುದು. "ನಮಸ್ಕಾರ. ವೈದ್ಯರ ಭೇಟಿಗೆ ಒಂದನ್ನು ಒತ್ತಿ. ಔಷಧಿಗೆ ಎರಡನ್ನು ಒತ್ತಿ." ಆಪರೇಟರುಗಳ ಅನ್ನ ಕಿತ್ತ ಯಂತ್ರಕ್ಕೇ ಅವಳ ದನಿ! ಮೊದಲ ದಿನ ನಗು ಬಂತು. ಆಸ್ಪತ್ರೆಯವರಿಗೆ ದನಿ ಹಿಡಿಸಿತು. ಬಸ್ಸಿನವರು ಕರೆದರು, ಬ್ಯಾಂಕಿನವರು ಕರೆದರು. ಹನಿ ಹನಿ ಕೂಡಿ ಹಳ್ಳವಾಯಿತು. ಠೇವಣಿ ತುಂಬಿತು. ಇನ್ನು ಅದು ಅಲ್ಲಾಡದೆ ಕೂರಬೇಕು.

ಅವಳೂ ಅಲ್ಲಾಡದೆ ಕೂತಳು. ಅವನಿಂದ ಒಂದು ಕರೆಯೂ ಇಲ್ಲ.

'ಹೋಗಿರುತ್ತಾನೆ. ಅಲೆಗಳ ಸದ್ದು ಕೇಳುತ್ತಾ ಕೂತಿರುತ್ತಾನೆ. ಹೋಗಿ ಅಂದವಳು ನಾನೇ ಅಲ್ಲವೇ?'

ಒಂದು ಮಧ್ಯಾಹ್ನ ಆಸ್ಪತ್ರೆಯ ಮ್ಯಾನೇಜರ್ ತಲೆ ಕೆರೆದುಕೊಳ್ಳುತ್ತಾ ಹೇಳಿದ. "ಒಂದು ವಿಚಿತ್ರ ಕೇಸ್ ಮೇಡಂ. ಯಾರೋ ಒಬ್ಬರು ದಿನಾ ಫೋನ್ ಮಾಡ್ತಾರೆ. ಯಾವ ಬಟನ್ನೂ ಒತ್ತಲ್ಲ. ನಿಮ್ಮ ರೆಕಾರ್ಡಿಂಗ್ ಕೊನೆವರೆಗೂ ಕೇಳಿ ಇಟ್ಟುಬಿಡ್ತಾರೆ. ಏನು ಕಾಯಿಲೆನೋ ಏನೋ!"

ಅವನು ಪರದೆಯ ಮೇಲೆ ನಂಬರು ತೋರಿಸಿದ. ಅವಳಿಗೆ ಆ ನಂಬರು ಬಾಯಿಪಾಠ. ಎಷ್ಟೋ ಸಲ ಒತ್ತಲು ಹೋಗಿ ಬಿಟ್ಟಿದ್ದಳು.

ತಕ್ಷಣ ಏಜೆಂಟ್‌ಗೆ ಫೋನಾಯಿಸಿದಳು.

"ಆ ಸಾರ್ ಹೊರಟ್ರಾ?"

"ಎಲ್ಲಿ ಹೊರಟ್ರು! ಕೈಗೆ ಬಂದ ವೀಸಾ ರದ್ದಾಗೋಕೆ ಬಿಟ್ಟರು ಪುಣ್ಯಾತ್ಮ. ನಾನು ಬೈದೆ. ನೀವು ಆಸ್ಪತ್ರೆ ಫೋನಿಗೆ ದನಿ ಕೊಟ್ಟು ದುಡ್ಡು ಕೂಡಿಸ್ತಿರೋದನ್ನೂ ಹೇಳಿದೆ. ಮತ್ತೆ ಹೊಸ ಅರ್ಜಿ ಹಾಕ್ತೀನಿ, ಒಬ್ಬರಿಗೆ ಕಾಯ್ತಿದ್ದೀನಿ ಅಂತಾರೆ. ಅಂದ ಹಾಗೆ ಮೇಡಂ, ಇವತ್ತಿಗೆ ನಿಮ್ಮ ಮೂರು ತಿಂಗಳೂ ಮುಗೀತು. ಠೇವಣಿ ಪಾಸ್!"

ಅವಳು ಅಲ್ಲೇ, ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು ಆ ನಂಬರು ಒತ್ತಿದಳು.

"ಹಲೋ?"

"ಹದಿನಾರು ಮಾತಾಡ್ತಿರೋದು," ಎಂದಳು. "ಬಂದರಿನ ಲೈನ್ ಕೊಡಿ."

ಆಚೆ ಕುರ್ಚಿ ಸರಿದ ಸದ್ದು.

"ಕೇಳಿ. ನನ್ನ ಠೇವಣಿ ಪೂರ್ತಿ ಆಯ್ತು. ನನ್ನ ಹೆಸರಲ್ಲಿ, ನನ್ನ ದುಡ್ಡು. ವೀಸಾಗೆ ನನಗೆ ಯಾರೂ ಬೇಕಾಗಿಲ್ಲ." ಅವಳು ಕಣ್ಣೊರೆಸಿಕೊಂಡಳು. "ಈಗ ಕೇಳ್ತಿದ್ದೀನಿ. ಅಲೆ ಸದ್ದು ಕೇಳೋಕೆ ನೀವು ಬೇಕು. ನನ್ನ ಜೊತೆ ಬರ್ತೀರಾ?"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಹಲೋ? ಕೇಳಿಸ್ತಿದೆಯಾ?"

ಬರೀ ಗಾಳಿ. ಯಾರೋ ಬಾಯಿ ತೆರೆದು, ಮಾತು ಬರದೆ ಒದ್ದಾಡುವ ಸದ್ದು. ಅವಳಿಗೆ ಆ ಸದ್ದಿನ ಗುರುತು ಹತ್ತಿತು. ಅದನ್ನು ಅವಳಷ್ಟು ಬಲ್ಲವರು ಬೇರೆ ಯಾರಿದ್ದಾರೆ?

"ದನಿ ಬರ್ತಿಲ್ವಾ?" ಎಂದಳು ಮೆಲ್ಲಗೆ. "ಪರವಾಗಿಲ್ಲ. ಅವಸರ ಮಾಡ್ಕೋಬೇಡಿ. ಈ ಸಲ ನಾನು ಹೊರಟು ಹೋಗಲ್ಲ. ಲೈನಲ್ಲೇ ಇರ್ತೀನಿ."

ಕಾರಿಡಾರಿನಲ್ಲಿ ಜನ ಓಡಾಡುತ್ತಿದ್ದರು. ಯಾರದೋ ಫೋನಿನಲ್ಲಿ ಅವಳದೇ ದನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತಿತ್ತು. ಅವಳು ಫೋನನ್ನು ಕಿವಿಗೆ ಒತ್ತಿಕೊಂಡು ಅವನ ಬಿಕ್ಕುವ ಉಸಿರನ್ನು ಕೇಳುತ್ತಾ ಕೂತಳು. ಆಮೇಲೆ, ನಗುತ್ತಾ, ಅಳುತ್ತಾ...

"ಮೂರು ನಿಮಿಷ ಆಯಿತು," ಎಂದಳು. "ಮುಂದುವರಿಸಲಾ?"

ಒಡೆದ, ಒದ್ದೆ ದನಿಯೊಂದು ಕೊನೆಗೂ ತಂತಿ ದಾಟಿ ಬಂತು.

"ಮುಂದುವರಿಸಿ ಹದಿನಾರು... ಮುಂದುವರಿಸಿ."