ಅಮಾವಾಸ್ಯೆಯ ಮರುದಿನ ಏಳದ ಯಂತ್ರ

ರೇಷ್ಮಾ ಬರಿಗಾಲಲ್ಲಿ ಬಂದಳು. ಬನಹಟ್ಟಿಯಿಂದ ಜಮಖಂಡಿಗೆ ಬಸ್ಸು ಹಿಡಿದು, ನಿಲ್ದಾಣದಿಂದ ಶಿವಗಂಗವ್ವನ ರಿಪೇರಿ ಅಂಗಡಿಯವರೆಗೆ ಕಾದ ಡಾಂಬರಿನ ಮೇಲೆ ನಡೆದುಕೊಂಡೇ ಬಂದಿದ್ದಳು. ಚಪ್ಪಲಿ ಎಲ್ಲಿ ಎಂದು ಗಿರಮಲ್ಲಪ್ಪ ಕೇಳಿದ.

"ಅಲ್ಲೇ ಬಾಗಲದಾಗ ಉಳದಾವ ಕಾಕಾ. ಬಗ್ಗಿ ತಗೋಳಾಕೂ ಬಿಡಲಿಲ್ಲ ಸಾವ್ಕಾರ್ರು."

ಅದು ಎರಡು ಸಾವಿರದ ಮೂರನೆಯ ಇಸವಿ. ಶಿವಗಂಗವ್ವ ಜಮಖಂಡಿಯಲ್ಲಿ ಹುಡುಗರಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು, ಕೆಟ್ಟ ಯಂತ್ರಗಳನ್ನೂ ನೋಡುತ್ತಿದ್ದಳು. ಯಂತ್ರ ಯಾಕೆ ಕೆಟ್ಟಿತೆಂದಷ್ಟೇ ಅಲ್ಲ, ಕೆಡಿಸಿದವರು ಯಾರೆಂದೂ ಹುಡುಕಿಕೊಡುತ್ತಾಳೆ ಎಂಬ ಹೆಸರು ಸುತ್ತಮುತ್ತ ಹಬ್ಬಿತ್ತು. ಮುಧೋಳದಲ್ಲಿ ಕದ್ದು ಮಾರಿದ ಬೇಟೆನಾಯಿಯನ್ನು ಅದರ ನಡಿಗೆ ನೋಡಿಯೇ ಗುರುತಿಸಿಕೊಟ್ಟವಳು ಅವಳು. ಗಿರಮಲ್ಲಪ್ಪ ಎರಡನೆಯ ಇಯತ್ತೆಗೆ ಸಾಲಿ ಬಿಟ್ಟು ಕುರಿ ಕಾಯ್ದವನು. ಈಗ ಮುಪ್ಪಿನಲ್ಲಿ ಅವಳ ಚೀಲ ಹೊತ್ತುಕೊಂಡು ಹಿಂದೆ ತಿರುಗುತ್ತಿದ್ದ. ಒಮ್ಮೆ ಕಂಡದ್ದನ್ನು ಮರೆಯದವನು ಎಂದು ಅವಳೂ ಅವನನ್ನು ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ.

ರೇಷ್ಮಾ ನೀರು ಕುಡಿದು ಹೇಳತೊಡಗಿದಳು. ಬನಹಟ್ಟಿಯ ಸೋಮಲಿಂಗ ಸಾವಕಾರರ ಮಗ್ಗದ ಶೆಡ್ಡಿನಲ್ಲಿ ಅವಳು ಸೀರೆಯ ಸೆರಗು, ಅಂಚುಗಳ ಚಿತ್ರ ಬಿಡಿಸುತ್ತಿದ್ದಳು. ಅವಳು ಕಂಪ್ಯೂಟರಿನಲ್ಲಿ ಬಿಡಿಸಿದ ಹೂಬಳ್ಳಿಯನ್ನು ಇನ್ನೊಂದು ಯಂತ್ರ ರಟ್ಟಿನ ಪಟ್ಟಿಗಳ ಮೇಲೆ ತೂತು ತೂತಾಗಿ ಇಳಿಸುತ್ತಿತ್ತು. ಆ ಪಟ್ಟಿ ಮಗ್ಗಕ್ಕೇರಿದರೆ ಹೂವು ಬಟ್ಟೆಯಲ್ಲಿ ಅರಳುತ್ತಿತ್ತು. ಸಾವಕಾರರು ಹೊಸ ತೂತಿನ ಯಂತ್ರ ತಂದರು. ಅದರ ಗುರುತು ಹಳೆಯ ಕಂಪ್ಯೂಟರಿಗೆ ಸಿಗಲಿಲ್ಲ. ಆದ್ದರಿಂದ ರೇಷ್ಮಾ ಕಂಪ್ಯೂಟರಿನ ಕರ್ನಲ್ಲನ್ನು ಹೊಸದಾಗಿ ಕಟ್ಟಿದಳು. ಕರ್ನಲ್ ಎಂದರೆ ಕಂಪ್ಯೂಟರು ಎಚ್ಚರಾದ ಕೂಡಲೇ ಮೊದಲು ಓದಿಕೊಳ್ಳುವ ಬರಹ, ಯಾವ ಭಾಗ ಯಾವ ಕೆಲಸ ಮಾಡಬೇಕೆಂದು ಹಂಚಿಕೊಡುವ ಬರಹ.

"ಅಮಾಸಿ ಹಿಂದಿನ ದಿನ ಪಟ್ಟಿ ಸೈತ ಹೊಡದು ತೋರ್ಸೇನ್ರಿ ಅಕ್ಕೋರ. ಛಲೋ ಓಡ್ತು. ಅಮಾಸಿಗೆ ಶೆಡ್ ಸೂಟಿ. ಮರುದಿನ ಬಂದು ಹಚ್ಚಿದ್ರ, ಅರ್ಧಾ ಎದ್ದು ದಬಕ್ಕನ ಬೀಳಾಕತ್ತೈತಿ."

"ಹಳೇ ಕರ್ನಲ್ ಅಳಿಸಿದ್ದಿಯೇನ?"

"ಹೊಸಾ ಹಾಸು ಓಡೂತನಕ ಹಳೇ ಎಳಿ ಯಾರರೆ ಕಡೀತಾರೇನ್ರಿ? ಎರಡೂ ಇಟ್ಟೇನಿ. ಈಗ ಎರಡೂ ಏಳವಲ್ವು."

ಶಿವಗಂಗವ್ವನ ಹುಬ್ಬು ಮೇಲೇರಿತು.

"ನಾನ ಬೇಕಂತ ಕೆಡಿಸೇನಂತ, ಚಿತ್ರಾ ಎಲ್ಲಾ ರಬಕವಿ ಶೆಡ್ಡಿನವರಿಗೆ ಮಾರೇನಂತ. ಬಾಗಲದಾಗ ನಿಂತು ಓಣಿ ತುಂಬ ಕಳ್ಳಿ ಅಂದ್ರು. ಸಂಜಿಕ್ಕ ಪೊಲೀಸರನ್ನ ಕರಸ್ತಾರಂತ. ಆ ಮಾತು ಒಮ್ಮೆ ನಿಂತಿತಂದ್ರ ಯಾವ ಶೆಡ್ಡಿನವ್ರೂ ನನ್ನ ಒಳಗ ಬಿಟ್ಕೊಳ್ಳೂದಿಲ್ಲ. ನಮ್ಮವ್ವನ ಕಣ್ಣು ಹೋಗ್ಯಾವು. ಒಲಿ ಹತ್ತೂದು ನನ್ನ ಕೈಮ್ಯಾಲ."

"ಕಾಕಾ, ಚೀಲಾ ತಗೋರಿ," ಎಂದಳು ಶಿವಗಂಗವ್ವ.

ಶೆಡ್ಡಿನಲ್ಲಿ ಮಗ್ಗಗಳ ಸಪ್ಪಳಕ್ಕೆ ನೆಲವೇ ನಡುಗುತ್ತಿತ್ತು. ಸೋಮಲಿಂಗ ಸಾವಕಾರರು ಹಣೆ ತುಂಬ ವಿಭೂತಿ ಧರಿಸಿ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡಿದ್ದರು. ರೇಷ್ಮಾಳನ್ನು ಕಂಡವರೇ ಎದ್ದುನಿಂತರು.

"ಮತ್ತ ಬಂದಿಯೇನ ಬೇ? ವಕೀಲರನ್ನ ಕಟ್ಕೊಂಡು?"

"ವಕೀಲಳಲ್ಲರಿ, ರಿಪೇರಿಯಾಕಿ," ಎಂದಳು ಶಿವಗಂಗವ್ವ. "ಪೊಲೀಸರು ಬರೂದ್ರೊಳಗ ಮಷೀನ ಎದ್ರ ನಿಮಗ ಲಾಭ. ಏಳಲಿಲ್ಲಂದ್ರ ಹೋಗೂದು ನನ್ನ ಮಾನ."

ಸಾವಕಾರರು ಗೊಣಗುತ್ತಲೇ ದಾರಿ ಬಿಟ್ಟರು.

ಗಾಜಿನ ಕೋಣೆಯಲ್ಲಿ ಹಾಲೇಶ ಕುಳಿತಿದ್ದ. ಪಟ್ಟಿ ಹೊಡೆಯುವವನು, ರೇಷ್ಮಾ ಬರುವ ಮೊದಲು ಚಿತ್ರ ಬಿಡಿಸುವ ಕುರ್ಚಿ ಅವನದೇ ಆಗಿತ್ತು. ಅವಳ ಮೇಲೆ ಮೊದಲು ಬೆರಳು ತೋರಿಸಿದವನೂ ಅವನೇ.

"ಏನ ಮಾಡಿದ್ರೂ ಏಳೂದಿಲ್ರಿ. ಎಲ್ಲಾ ಕೆಡಿಸ್ಯಾಳ," ಎಂದ, ಕುಳಿತಲ್ಲಿಂದ ಏಳದೆ.

"ನೀವರ ಏಳ್ರಿ ಮೊದಲ," ಎಂದ ಗಿರಮಲ್ಲಪ್ಪ. ಹಾಲೇಶ ಮುಖ ಕಿವುಚಿ ಎದ್ದ.

ಶಿವಗಂಗವ್ವ ಯಂತ್ರ ಚಾಲೂ ಮಾಡಿದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಇಳಿದು, ಗಕ್ಕನೆ ನಿಂತುಬಿಟ್ಟವು. ಆರಿಸಿ ಮತ್ತೆ ಹಚ್ಚಿದಳು. ಹೊಸ ಕರ್ನಲ್ಲಿಗೂ ಬಿತ್ತು, ಹಳೆಯದಕ್ಕೂ ಬಿತ್ತು. ಗಿರಮಲ್ಲಪ್ಪನಿಗೆ ಆ ಅಕ್ಷರ ಓದಲು ಬಾರದು. ಆದರೆ ಹಿಂಡಿನಲ್ಲಿ ಯಾವ ಕುರಿ ಎಲ್ಲಿ ಕುಂಟಿತು ಎಂದು ನೋಡಿದ ಕಣ್ಣು ಅದು.

"ಅಕ್ಕೋರ, ಇದು ಒಂದ ಜಾಗಾದಾಗ ಎಡವಾಕತ್ತಿಲ್ಲ. ಮೊದಲ ಪರದೆ ನಡುವ ನಿಂತಿತ್ತು, ಈಗ ಬುಡದಾಗ ಐತಿ."

"ನಾನೂ ಅದನ್ನ ನೋಡಾಕತ್ತಿದ್ದೆ ಕಾಕಾ," ಎಂದು ಅವಳು ತನ್ನ ಚೀಲದಿಂದ ಒಂದು ಫ್ಲಾಪಿ ತೆಗೆದಳು. ಯಂತ್ರ ಎಬ್ಬಿಸುವ ಬರಹ ಅದರಲ್ಲೂ ಇತ್ತು. ಒಳಗಿನ ಡಿಸ್ಕನ್ನು ಅದು ಮುಟ್ಟುತ್ತಿರಲಿಲ್ಲ. ಅದನ್ನು ಹಾಕಿ ಹಚ್ಚಿದರೂ ಯಂತ್ರ ಮಧ್ಯದಲ್ಲೇ ಮುಗ್ಗರಿಸಿತು. ಶಿವಗಂಗವ್ವ ಫ್ಲಾಪಿ ತೆಗೆದು ಸೀರೆಯ ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಯಂತ್ರದ ಪಕ್ಕದ ತಗಡಿನ ಸ್ಕ್ರೂಗಳನ್ನು ಬೆರಳಿನಿಂದ ಸವರಿದಳು. ಅವುಗಳ ತಲೆಯ ಮೇಲೆ ಹೊಸ ಗೀರು ಹೊಳೆಯುತ್ತಿತ್ತು.

"ತಗಡು ನೀ ಬಿಚ್ಚಿದ್ದಿಯೇನ?" ಎಂದು ರೇಷ್ಮಾಳನ್ನು ಕೇಳಿದಳು.

"ಇಲ್ರಿ. ಕರ್ನಲ್ ಕಟ್ಟಾಕ ತಗಡು ಯಾಕ ಬಿಚ್ಚಬೇಕು?"

ಹಾಲೇಶ ಬಾಯಿ ಹಾಕಿದ: "ಹಂಗಾರ ಮುದಕಪ್ಪನ ಬಿಚ್ಚಿರಬೇಕ್ರಿ. ಸ್ಕ್ರೂಡ್ರೈವರ ಇರೂದು ಅವನ ಸೊಂಟದಾಗ."

ಮುದಕಪ್ಪ ಮಗ್ಗ ರಿಪೇರಿ ಮಾಡುವವನು. ಹಣೆಯ ಮೇಲೆ ಬೀರೇಶ್ವರನ ಭಂಡಾರ, ಹಳದಿ ಅರಿಸಿನದ ಪುಡಿ. ಬಾಗಿಲಲ್ಲಿ ನಿಂತಿದ್ದವನು ಈ ಮಾತಿಗೆ ಬೆಚ್ಚಿದ. ಒಮ್ಮೆ ಸಾವಕಾರರ ಕಡೆ ನೋಡಿ ತಲೆ ತಗ್ಗಿಸಿದ. ಶಿವಗಂಗವ್ವ ಎದ್ದು ಮಗ್ಗಗಳ ಸಾಲಿನೊಳಗೆ ನಡೆದಳು.

ಸಾಲಿನ ಮಗ್ಗಗಳ ಚೌಕಟ್ಟಿನ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ ಬೆಳ್ಳಗೆ ಕಾಣುತ್ತಿತ್ತು.

"ಅಮಾಸಿಗೆ ಹಚ್ಚಿದ್ದೇನ್ರಿ?" ಎಂದಳು.

"ಮತ್ತ? ನಾನ ಸ್ವತಾ ಹಚ್ಚತೇನಿ," ಎಂದರು ಸಾವಕಾರರು. "ಇನ್ನೊಬ್ಬರ ಕೈ ಮುಟ್ಟಿಸೂದಿಲ್ಲ. ನಮ್ಮಪ್ಪನ ಕಾಲದಿಂದ ನಡಕೊಂಡ ಬಂದೈತಿ."

ಒಂದು ಮಗ್ಗದ ಮುಂದೆ ಗಿರಮಲ್ಲಪ್ಪ ನಿಂತ. ಅದರ ಚೌಕಟ್ಟಿನ ಮೇಲೆ ಪಟ್ಟೆಯಿರಲಿಲ್ಲ. ಒಳಗಡೆಯ ಒಂದು ಹೊಸ ಹಲ್ಲಿನ ಗಾಲಿಯ ಮೇಲಿತ್ತು. ಅಲ್ಲಿಗೆ ಕೈ ಹೋಗಬೇಕಾದರೆ ಮಂಡಿಯೂರಿ ಬಗ್ಗಬೇಕು.

"ಇದಕ್ಯಾಕ ಒಳಗ ಹಚ್ಚೀರಿ?"

"ಹೊಸಾದು ಕೂಡಿಸಿದ್ರ ಹೊಸಾದಕ್ಕ ಹಚ್ಚಬೇಕು. ಮ್ಯಾಲ ಹಚ್ಚಿ ಏನ ಮಾಡೂದು?"

ಗಿರಮಲ್ಲಪ್ಪ ತಿರುಗಿ ಗಾಜಿನ ಕೋಣೆಯತ್ತ ನೋಡಿದ. ಕಂಪ್ಯೂಟರಿನ ಮೇಲೆ ಹಿಂದಿನ ಅಮಾವಾಸ್ಯೆಗಳ ಪಟ್ಟೆ ಮಾಸಿಹೋಗಿತ್ತು. ಹೊಸದಿರಲಿಲ್ಲ. ಶಿವಗಂಗವ್ವನ ಮುಖ ನೋಡಿದ. ಅವಳು ಕಣ್ಣಿನಲ್ಲೇ ಸುಮ್ಮನಿರಿ ಎಂದಳು.

"ಮಗ್ಗಾ ನಿಂದರಸ್ರಿ ಸಾವ್ಕಾರ್ರ. ಎಲ್ಲಾರೂ ಬರಲಿ. ಎಲ್ಲಾರ ಎದುರಿಗೇ ತಗಡು ಬಿಚ್ಚತೇನಿ. ಒಬ್ಬಾಕೀನ ಬಿಚ್ಚಿದ್ರ, ಒಳಗ ನಾನ ಏನರೆ ಇಟ್ಟೆ ಅಂತೀರಿ."

ಮಗ್ಗಗಳು ಒಂದೊಂದಾಗಿ ನಿಂತವು. ಆ ಮೌನದಲ್ಲಿ ಯಾರೋ ಕೆಮ್ಮಿದ್ದೂ ದೊಡ್ಡದಾಗಿ ಕೇಳಿಸಿತು. ನೇಕಾರರು ಕೈ ಒರೆಸಿಕೊಳ್ಳುತ್ತ ಗಾಜಿನ ಕೋಣೆಯ ಸುತ್ತ ನಿಂತರು. ರೇಷ್ಮಾ ಗೋಡೆಗೆ ಒರಗಿ ಸೆರಗಿನ ತುದಿ ಹಿಂಡುತ್ತಿದ್ದಳು.

"ಮೊದಲ ಒಂದು ಮಾತು," ಎಂದಳು ಶಿವಗಂಗವ್ವ. "ಹಾಸಿನ್ಯಾಗ ಒಂದು ಎಳಿ ತಪ್ಪಿ ಕಟ್ಟಿದ್ರ ಬಟ್ಟಿಯೊಳಗ ಗೆರಿ ಎಲ್ಲಿ ಬೀಳತೈತಿ?"

"ಅದ ಜಾಗಾದಾಗರಿ, ಉದ್ದಕ್ಕೂ," ಎಂದರು ನೇಕಾರರು.

"ಕರ್ನಲ್ಲಿನ ತಪ್ಪೂ ಬಹಳ ಮಾಡಿ ಹಂಗ. ಹಚ್ಚಿದಾಗೊಮ್ಮೆ ಅದ ಸಾಲಿಗೆ ಬೀಳತೈತಿ. ಇದು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ. ಆಕಿ ಮುಟ್ಟದ ಹಳೇ ಕರ್ನಲ್ಲೂ ಬಿತ್ತು. ಆಕಿ ಕಾಣದ ನನ್ನ ಫ್ಲಾಪಿನೂ ಬಿತ್ತು. ಅಂದ ಮ್ಯಾಲ ತಪ್ಪು ಬರಹದಾಗಿಲ್ಲ, ಮಷೀನಿನ ಮೈಯಾಗ ಐತಿ. ಸ್ಕ್ರೂ ನೋಡ್ರಿ. ಯಾರೋ ಮೈ ಬಿಚ್ಯಾರ."

"ಮುದಕಪ್ಪ!" ಎಂದ ಹಾಲೇಶ.

"ತಡಿಯೋ ತಮ್ಮಾ. ನಿನ್ನ ಮ್ಯಾಲೂ ನನಗ ಗುಮಾನಿ ಇತ್ತು. ಈ ಕುರ್ಚಿ ಮ್ಯಾಲ ನಿನಗ ಆಸಿ ಐತಿ. ಆದ್ರ ಮಷೀನ ಬಲ್ಲಾಂವ ಕೆಡಿಸಬೇಕಂದ್ರ ಕುಂತಲ್ಲೇ ಚಿತ್ರಾ ಅಳಸ್ತಾನ, ತಗಡು ಬಿಚ್ಚೂದಿಲ್ಲ. ಕರ್ನಲ್ ಅಂದ್ರ ಕಬ್ಬಿಣದ್ದೋ ಕಟ್ಟಗೀದೋ ಅಲ್ಲ ಅಂತ ನಿನಗೂ ಗೊತ್ತು, ರೇಷ್ಮಾಗೂ ಗೊತ್ತು. ಇದನ್ನ ಬಿಚ್ಚಿದಾಂವಗ ಅದು ಗೊತ್ತಿರಲಿಲ್ಲ. ಒಳಗ ಹೊಸಾದೊಂದು ಸಾಮಾನು ಕೂತೈತಿ ಅನ್ಕೊಂಡು ಅದನ್ನ ಹುಡುಕ್ಯಾನ."

ಅವಳು ಸ್ಕ್ರೂ ತಿರುವಿ ತಗಡು ಸರಿಸಿದಳು. ಗಿರಮಲ್ಲಪ್ಪ ಬ್ಯಾಟರಿ ಹಿಡಿದ. ಒಳಗೆ ಸಾಲಾಗಿ ನಿಂತ ಹಸಿರು ಪಟ್ಟಿಗಳ ಮೇಲೆ, ಅವು ಕೂತ ಸಂದಿನೊಳಗೂ ಇಳಿದು, ಬಿಳಿಯದೊಂದು ಲೇಪ ಒಣಗಿತ್ತು. ಮೂರು ಬೆರಳಿನ ಗುರುತು ಸ್ಪಷ್ಟವಾಗಿತ್ತು.

"ಇವು ಮಷೀನಿನ ನೆನಪಿನ ಪಟ್ಟಿ. ಸಂದಿಗೆ ಹಸಿ ವಿಭೂತಿ ಇಳದೈತಿ. ಓದಿದ್ದು ನೆನಪ ಉಳಿಯದ ಎಡವಾಕತ್ತೈತಿ. ಮುದಕಪ್ಪನ ಮನ್ಯಾಗ ಹಳದಿ ಭಂಡಾರ, ಇದು ಬಿಳೇದು. ಈ ಶೆಡ್ಡಿನ್ಯಾಗ ಅಮಾಸಿ ದಿನ ವಿಭೂತಿ ಹಚ್ಚೂದು ಒಬ್ಬರ ಕೈ. ಎಲ್ಲಾ ಮಗ್ಗಕ್ಕೂ ಹೊಸಾ ವಿಭೂತಿ ಪಟ್ಟಿ ಐತಿ, ಈ ಮಷೀನಿನ ಮ್ಯಾಲ ಮಾತ್ರ ಇಲ್ಲ. ಯಾಕಂದ್ರ ಒಳಗ ಹಚ್ಯಾರ. ಹೊಸಾದಕ್ಕ ಹಚ್ಚಬೇಕಲ್ಲ."

ಮುದಕಪ್ಪ ಮೆಲ್ಲಗೆ, "ಅಮಾಸಿ ಮುಂಜಾನಿ ಮನಿಗೆ ಬಂದು ಸ್ಕ್ರೂಡ್ರೈವರ ಇಸಕೊಂಡಿದ್ರಿ ನೀವು... ಅನ್ನ ಕೊಡೂರ ಹೆಸರ ನಾ ಹೆಂಗ ತಗೀಲಿ?" ಎಂದ.

ಸೋಮಲಿಂಗ ಸಾವಕಾರರ ಮುಖ ಕೆಂಪೇರಿತು. "ಒಳಗ ಹೊಸಾದು ಹಾಕೇನಿ ಅಂತ ಈಕೀನ ಹೇಳಿದ್ಳು. ಅದಕ್ಕ ಹಚ್ಚಿದೆ. ವಿಭೂತಿಯಿಂದ ಕೆಡಕಾಗತೈತೇನ್ರಿ? ದೇವರ ಮ್ಯಾಲ ಅಪವಾದಾ ಹೊರಸ್ತೀರಿ?"

"ನನ್ನ ಹಣಿಮ್ಯಾಲೂ ವಿಭೂತಿ ಐತ್ರಿ," ಎಂದಳು ಶಿವಗಂಗವ್ವ. "ದೇವರದೇನೂ ತಪ್ಪಿಲ್ಲ. ಜಾಗಾ ತಪ್ಪಿತು, ಅಷ್ಟ. ನೀವೂ ಒಳ್ಳೇದಾಗಲಿ ಅಂತನ ಹಚ್ಚೀರಿ. ಆದ್ರ ಕಳ್ಳಿ ಅಂದದ್ದು ದೇವರಲ್ಲ."

ಅವಳು ಪಟ್ಟಿಗಳನ್ನು ಕಳಚಿ, ಬ್ರಶ್ಶಿನಿಂದ ಸಂದು ಉಜ್ಜಿ, ಅಂಚುಗಳನ್ನು ರಬ್ಬರಿನಿಂದ ತಿಕ್ಕಿ ಮತ್ತೆ ಕೂಡಿಸಿದಳು. "ರೇಷ್ಮಾ, ನೀನ ಹಚ್ಚು."

ರೇಷ್ಮಾ ಗುಂಡಿ ಒತ್ತಿದಳು. ಅಕ್ಷರಗಳು ಇಳಿದವು. ಪರದೆಯ ನಡು ದಾಟಿದವು, ಬುಡ ದಾಟಿದವು, ಒಮ್ಮೆ ನಿಂತವು. ಗಿರಮಲ್ಲಪ್ಪ ಕಣ್ಣು ಮುಚ್ಚಿ ಮನೆದೇವರು ಬೀರಪ್ಪನನ್ನು ನೆನೆದ. ನೇಕಾರರು ಹೋ ಎಂದಾಗ ಕಣ್ಣು ಬಿಟ್ಟ. ಪರದೆಯ ತುಂಬ ಮಾವಿನಕಾಯಿ ಬಳ್ಳಿಯ ಸೆರಗು ಹರಡಿಕೊಂಡಿತ್ತು.

ಸಾವಕಾರರು ಗಂಟಲು ಸರಿಮಾಡಿಕೊಂಡರು. "ಆತು ಬಿಡು, ಆದದ್ದು ಆತು. ಕುಂಡ್ರ ಬೇ, ಕೆಲಸಾ ನೋಡು."

ರೇಷ್ಮಾ ಕೂರಲಿಲ್ಲ. "ಇಲ್ಲಿದ್ದವರಿಗೆ ಗೊತ್ತಾತ್ರಿ. ಓಣಿಯವರಿಗೆ ಗೊತ್ತಾಗಿಲ್ಲ. ನೀವು ಆ ಮಾತು ಅಂದದ್ದು ಬಾಗಲದಾಗ ನಿಂತು."

ಸಾವಕಾರರು ಶಿವಗಂಗವ್ವನ ಕಡೆ ನೋಡಿದರು. ಅವಳು ತಗಡಿನ ಸ್ಕ್ರೂ ಬಿಗಿ ಮಾಡುತ್ತಿದ್ದಳು, ತಲೆಯೆತ್ತಲಿಲ್ಲ. ನೇಕಾರರ ಕಡೆ ನೋಡಿದರು. ಒಬ್ಬನೂ ಮಗ್ಗಕ್ಕೆ ಮರಳಲಿಲ್ಲ. ಕೊನೆಗೆ ಹೆಗಲ ವಲ್ಲಿ ಸರಿಪಡಿಸಿಕೊಂಡು ಬಾಗಿಲಿಗೆ ಹೋದರು.

"ರೇಷ್ಮಾಂದು ಏನೂ ತಪ್ಪಿಲ್ರೆಪಾ," ಎಂದರು, ಗಂಟಲೊಳಗೇ.

"ಕೇಳಸವಲ್ದರಿ ಸಾವ್ಕಾರ್ರ!" ಎಂದು ಎದುರು ಶೆಡ್ಡಿನಿಂದ ಯಾರೋ ಕೂಗಿದರು. ಓಣಿಯೆಲ್ಲ ನಕ್ಕಿತು.

ಅವರು ಉಸಿರೆಳೆದುಕೊಂಡು ಗಟ್ಟಿಯಾಗಿ ಹೇಳಿದರು: "ಮಷೀನ ಕೆಡಿಸಿದಾಂವ ನಾನು! ಆ ಹುಡುಗಿ ಕಳ್ಳಿ ಅಲ್ಲ, ನಾನ ಸುಳ್ಳ ಹೇಳಿದ್ದೆ! ಈಗರ ಕೇಳ್ಸಿತಿಲ್ಲೋ?"

ಹಿಂದೆ, ಗಾಜಿನ ಕೋಣೆಯಲ್ಲಿ, ರೇಷ್ಮಾ ಕುರ್ಚಿ ಎಳೆದುಕೊಂಡ ಸಪ್ಪಳ ಗಿರಮಲ್ಲಪ್ಪನಿಗೆ ಕೇಳಿಸಿತು.