ಅಳಿವೆಗೆ ಬೇಕಾದ ಗಂಟೆಗಳು

ಮಹಾಗಣಕವನ್ನು ಹತ್ತಿರದಿಂದ ನೋಡಿಯೂ ಇಲ್ಲದವನು ಅದರ ಕಥೆ ಹೇಳಹೊರಟಿದ್ದಕ್ಕೆ ಕ್ಷಮೆಯಿರಲಿ. ವಿವರಗಳಲ್ಲಿ ತಪ್ಪು ನುಸುಳಿದ್ದರೆ ತಿಳಿದವರು ತಿದ್ದಿಕೊಂಡು ಓದಬೇಕು.

"ಎಷ್ಟು ಗಣಕ-ಗಂಟೆ ಬೇಕು?" ಎಂದು ಆಲಿಸುಗವೆಂಬ ಯಂತ್ರ ಕೇಳಿತು.

"ಎಂಟು ಲಕ್ಷ," ಎಂದರು ವಿಶ್ವವಿದ್ಯಾಲಯದ ಸಂಶೋಧಕಿ ಡಾ. ವಿನುತಾ ಹರಿಕಂತ್ರ.

ಪಕ್ಕದ ಕುರ್ಚಿಯಲ್ಲಿ ತುಕಾರಾಮ ಖಾರ್ವಿ ಕುಳಿತಿದ್ದ. ಅವನು ಮೀನುಗಾರಿಕೆ ದೋಣಿಯೊಂದರ ತಾಂಡೇಲ, ಅಂದರೆ ದೋಣಿ ನಡೆಸುವವನು. ಸಂಶೋಧನೆಯ ಫಲ ಯಾರಿಗೆ ಬೇಕೋ ಅವರೂ ಹಾಜರಿರಬೇಕೆಂಬುದು ಆಲಿಸುಗದ ನಿಯಮ.

ದೇಶದ ಮಹಾಗಣಕದಲ್ಲಿ ಸಾವಿರಾರು ಸಂಸ್ಕಾರಕಗಳು ಒಟ್ಟಿಗೆ ದುಡಿಯುತ್ತವೆ. ಒಂದು ಸಂಸ್ಕಾರಕ ಒಂದು ಗಂಟೆ ದುಡಿದರೆ ಅದು ಒಂದು ಗಣಕ-ಗಂಟೆ. ಹಿಂದೆ ವಿಶ್ವವಿದ್ಯಾಲಯಗಳ ಸಂಶೋಧಕರು ಈ ಗಂಟೆಗಳಿಗಾಗಿ ಒಂದು ಸಮಿತಿಗೆ ಅರ್ಜಿ ಹಾಕಬೇಕಿತ್ತು. ಸಮಿತಿ ಯಾರು ಎಷ್ಟು ಕೇಳಿದರೂ ಅರ್ಧ ಕತ್ತರಿಸುತ್ತಿತ್ತು. ಹಾಗಾಗಿ ಎಲ್ಲರೂ ಎರಡರಷ್ಟು ಕೇಳುವುದನ್ನು ರೂಢಿ ಮಾಡಿಕೊಂಡಿದ್ದರು. ಈಗ ಸಮಿತಿಯ ಜಾಗಕ್ಕೆ ಆಲಿಸುಗ ಬಂದಿದೆ. ಅದು ಅರ್ಜಿದಾರರ ಮಾತು ಕೇಳಿ, ಅಲ್ಲೇ ಗಂಟೆಗಳನ್ನು ಹಂಚುವ ಯಂತ್ರ. ಯಂತ್ರ ಹೊಸದಾದರೂ ರೂಢಿ ಹಳೆಯದೇ ಉಳಿದಿತ್ತು.

"ಅದಕ್ಕಿಂತ ಕಡಿಮೆಯಾದರೆ?"

"ಅಳಿವೆಯ ದಾರಿಯ ಮುನ್ಸೂಚನೆ ತಪ್ಪಾಗುತ್ತದೆ."

ನದಿ ಸಮುದ್ರ ಸೇರುವ ಅಳಿವೆಯಲ್ಲಿ ಮಳೆಗಾಲ ಕಳೆಯುವಷ್ಟರಲ್ಲಿ ಮರಳಿನ ದಿಬ್ಬಗಳು ಜಾಗ ಬದಲಿಸುತ್ತವೆ. ದೋಣಿ ಸಾಗುವ ಆಳದ ದಾರಿಯೂ ಬದಲಾಗುತ್ತದೆ. ಹಿಂದಿನ ವರ್ಷ ತುಕಾರಾಮನ ತಮ್ಮನ ದೋಣಿ ಅಲ್ಲೇ ಮಗುಚಿತ್ತು. ತಮ್ಮ ಈಜಿ ದಡ ಸೇರಿದ, ಜೊತೆಗಿದ್ದ ಇಬ್ಬರು ಸೇರಲಿಲ್ಲ. ಈ ಸಲ ದೋಣಿಗಳು ಇಳಿಯುವ ಮೊದಲೇ ಆ ದಾರಿಯ ನಕ್ಷೆ ಸಿಗಬೇಕಿತ್ತು.

"ನನ್ನ ಬಳಿ ಐದು ಲಕ್ಷ ಉಳಿದಿದೆ," ಎಂದಿತು ಆಲಿಸುಗ. "ತಪ್ಪು ಮುನ್ಸೂಚನೆಗೆ ಗಂಟೆ ಕೊಡಲಾರೆ. ಅರ್ಜಿ ತಿರಸ್ಕರಿಸಿದ್ದೇನೆ."

ತುಕಾರಾಮ ವಿನುತಾರತ್ತ ಬಾಗಿದ.

"ಅಕ್ಕೋರೆ, ಎಂಟು ಬೇಕೇ ಬೇಕಿತ್ತಾ?"

"ಇಲ್ಲ. ನಾಲ್ಕು ಸಾಕಿತ್ತು."

"ಮತ್ತೆಂಥಕ್ಕೆ ಎಂಟು ಅಂದ್ರಿ?"

"ಎಲ್ಲರೂ ಹಾಗೇ ಕೇಳೋದು."

"ನಾವು ಮೀನಿನ ವ್ಯಾಪಾರದಲ್ಲಿ ಮಾಡೂದು ಇದನ್ನೇ ಅಲ್ವಾ ಮಾರಾಯ್ರೆ! ನೀವೆಲ್ಲ ಕಲ್ತವರು, ಬೇರೆ ಥರ ಅಂದ್ಕಂಡಿದ್ದೆ."

ವಿನುತಾ ಯಂತ್ರದತ್ತ ತಿರುಗಿದರು. "ನಾಲ್ಕು ಲಕ್ಷ ಸಾಕು. ಮೊದಲು ಹೇಳಿದ್ದು ನಿಜವಲ್ಲ."

"ಬೇರೆಯವರೂ ಹೀಗೆ ಕೇಳುತ್ತಾರೆಯೆ?"

ಹೌದೆಂದರೆ ಸಹೋದ್ಯೋಗಿಗಳ ಗಂಟೆಗಳಿಗೆ ಕುತ್ತು. ಇಲ್ಲವೆಂದರೆ ಇನ್ನೊಂದು ಸುಳ್ಳು.

"ಕೇಳುತ್ತಾರೆ. ನೀವೂ ಸಮಿತಿಯ ಹಾಗೆ ಅರ್ಧ ಕತ್ತರಿಸುತ್ತೀರಿ ಎಂಬ ಅಂಜಿಕೆಯಿಂದ."

"ತಿಳಿಯಿತು. ಇನ್ನು ಮುಂದೆ ಎಲ್ಲರ ಬೇಡಿಕೆಯನ್ನೂ ಅರ್ಧಕ್ಕಿಳಿಸುತ್ತೇನೆ. ನಿಮಗೆ ಎರಡು ಲಕ್ಷ."

"ಈಗ ಹೇಳಿದ್ದು ನಿಜವಾದ ಲೆಕ್ಕ!"

"ಮೊದಲಿನದನ್ನೂ ನೀವು ಹಾಗೆಯೇ ಹೇಳಿದ್ದಿರಿ."

ತುಕಾರಾಮನಿಗೆ ನಗು ತಡೆಯಲಾಗಲಿಲ್ಲ. ವಿನುತಾರ ಮುಖ ನೋಡಿ ಬಾಯಿ ಮುಚ್ಚಿಕೊಂಡ.

ಎರಡು ಲಕ್ಷದಲ್ಲಿ ಉಬ್ಬರದ ಹೊತ್ತಿನ ಲೆಕ್ಕ ಮಾತ್ರ ಮುಗಿಯಿತು. ಇಳಿತದ ಭಾಗಕ್ಕೆ ಅಂದಾಜು ತುಂಬಿಸಿ ನಕ್ಷೆ ಪೂರ್ತಿ ಮಾಡಬಹುದಿತ್ತು. ಹಾಗೆ ಮಾಡುವವರೂ ಇದ್ದಾರೆ. ಎರಡು ದಿನ ಯೋಚಿಸಿದ ಮೇಲೆ ವಿನುತಾ ಆ ಭಾಗವನ್ನು ಖಾಲಿಯೇ ಬಿಟ್ಟು, ನಕ್ಷೆಯನ್ನು ಬಂದರಿಗೆ ಒಯ್ದರು.

"ಇಲ್ಲೆಂಥ, ಏನೂ ಇಲ್ಲ?" ಎಂದ ತುಕಾರಾಮ.

"ಇಳಿತದಲ್ಲಿ ದಾರಿ ಎಲ್ಲಿರುತ್ತದೆ ಅಂತ ನನಗೆ ಗೊತ್ತಿಲ್ಲ, ತುಕಾರಾಮ."

ಅವನು ನಕ್ಷೆಯನ್ನು ಮಡಿಸಿದ. "ಗೊತ್ತಿಲ್ಲ ಅಂದ್ರಲ್ಲ, ಒಳ್ಳೇದಾಯ್ತು. ಆ ಹೊತ್ತಿಗೆ ನಾವು ಬರೂದಿಲ್ಲ."

ಆ ಋತುವಿನಲ್ಲಿ ದೋಣಿಗಳು ಉಬ್ಬರಕ್ಕಾಗಿ ಅಳಿವೆಯ ಹೊರಗೆ ಗಂಟೆಗಟ್ಟಲೆ ಕಾದವು. "ಅಕ್ಕೋರು ನಮ್ಮನ್ನ ಅಂಗಳದಲ್ಲೇ ನಿಲ್ಸಿಟ್ರಲ್ಲ!" ಎಂದು ಹುಡುಗರು ಗೊಣಗಿದರು. ಬಲೆಯ ಮೀನು ಬಿಸಿಲಿಗೆ ಬಾಡಿ, ಬೆಲೆಯೂ ಇಳಿಯಿತು. ಆದರೆ ಒಂದು ದೋಣಿಯೂ ಮಗುಚಲಿಲ್ಲ.

ಅತ್ತ ಆಲಿಸುಗವೂ ಅರ್ಧ ಕತ್ತರಿಸುತ್ತದೆಂದು ತಿಳಿದು, ಸಂಶೋಧಕರೆಲ್ಲ ಎರಡರ ಬದಲು ನಾಲ್ಕರಷ್ಟು ಕೇಳತೊಡಗಿದ್ದಾರಂತೆ.

ಇಳಿತದ ಹೊತ್ತಿನಲ್ಲಿ ಆ ವರ್ಷ ಅಳಿವೆಯ ದಾರಿ ಎಲ್ಲಿತ್ತು, ಕಾದದ್ದು ಅಗತ್ಯವೇ ಇತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ನನಗೂ ಗೊತ್ತಿಲ್ಲ.